ವಂದನಾರ್ಪಣೆ ಕೇಳಿದ ಇಬ್ಬರು

ನಂಜನಗೂಡಿನ ಸರ್ವಧರ್ಮ ಸಂವಾದಕ್ಕೆ ನನ್ನನ್ನು ಸಂಚಾಲಕಿಯಾಗಿ ಆರಿಸಿದ್ದಕ್ಕೆ ಎರಡು ಕಾರಣ. ಒಂದು, ನನ್ನ ಗಂಟಲು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಗಂಟಲು ಅದು, ಮೈಕು ಕೆಟ್ಟರೂ ಕಾರ್ಯಕ್ರಮ ನಿಲ್ಲುವುದಿಲ್ಲ. ಇನ್ನೊಂದು, ನಾನು ಕ್ಯಾಥೊಲಿಕ್ಕಳೂ ಅಲ್ಲ, ಪ್ರಾಟೆಸ್ಟೆಂಟಳೂ ಅಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ನಡುವೆ ಕೂತರೆ ಎರಡು ಚರ್ಚಿನವರೂ ಒಂದೇ ವೇದಿಕೆಗೆ ಬರುತ್ತೇವೆ ಎಂದು ಎರಡೂ ಕಡೆಯವರು ಒಮ್ಮತದಿಂದ ಒಪ್ಪಿದರು. ಅವರು ಒಮ್ಮತದಿಂದ ಒಪ್ಪಿದ ಮೊದಲನೇ ವಿಷಯ ಇದೇ ಇರಬೇಕು ಎಂದು ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ ಹೇಳಿದರು.

ಈ ಕೆಲಸಕ್ಕೆ ನನಗಿಂತ ಯೋಗ್ಯರು ಬೇರೆ ಯಾರಿದ್ದಾರೆ ಎಂದು ನಾನೂ ಒಳಗೊಳಗೇ ಉಬ್ಬಿದ್ದೆ. ಸುಮ್ಮನೆ ಉಬ್ಬಿದ್ದಲ್ಲ, ನನಗೆ ಒಂಬತ್ತು ವರ್ಷದ ಅನುಭವ ಇತ್ತು. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ರಿಟೈರ್ಡ್ ನರ್ಸ್ ಇದ್ದಾರೆ. ಬೀದಿಗೆಲ್ಲ ಅವರು ನರ್ಸಕ್ಕ. ಸುತ್ತಮುತ್ತಲ ಊರಿನ ಎಷ್ಟೋ ಮಕ್ಕಳನ್ನು ತಾಯಿಗಿಂತ ಮೊದಲು ಎತ್ತಿಕೊಂಡ ಕೈ ಅವರದು. ಮದುವೆಯಾಗಲಿಲ್ಲ. ತಾಯಿ ಬೇಗ ತೀರಿಕೊಂಡಿದ್ದರಿಂದ, ಹನ್ನೊಂದು ವರ್ಷ ಚಿಕ್ಕವಳಾದ ತಂಗಿಗೆ ಜಡೆ ಹಾಕಿ, ಸ್ಕೂಲಿಗೆ ಕಳಿಸಿ, ಬೈದು, ಬೆಳೆಸಿದವರು ಅವರೇ. ಆ ತಂಗಿ ತಿ. ನರಸೀಪುರದ ಕ್ಯಾಥೊಲಿಕ್ ಮೇಷ್ಟರೊಬ್ಬರನ್ನು ಮದುವೆಯಾದಳು. ಮನೆಯವರು ಪ್ರಾಟೆಸ್ಟೆಂಟರು. ಮದುವೆಯ ದಿನ ಅವರಪ್ಪ ಆ ಚರ್ಚಿನೊಳಗೆ ಕಾಲಿಡದೆ ಹೊರಗೆ ಮರದ ಕೆಳಗೆ ನಿಂತರಂತೆ. ಅಪ್ಪನ ಪಕ್ಕದಲ್ಲಿ ನರ್ಸಕ್ಕನೂ ನಿಂತರಂತೆ. ಆದರೂ ಊಟದ ಹೊತ್ತಿಗೆ ಎಲ್ಲ ಸರಿಹೋಗಿ, ಅಕ್ಕ ತಂಗಿ ಆಮೇಲೆ ಎಷ್ಟೋ ವರ್ಷ ಹೋಗಿ ಬಂದು ಚೆನ್ನಾಗಿಯೇ ಇದ್ದರು.

ಒಂಬತ್ತು ವರ್ಷದ ಹಿಂದೆ ತಂಗಿಯ ಮಗಳ ಮದುವೆ ನರಸೀಪುರದ ಕಡೆ ಅದೇ ಕ್ಯಾಥೊಲಿಕ್ ಚರ್ಚಿನಲ್ಲಿ ಆಯಿತು. ಅದಕ್ಕೆ ನರ್ಸಕ್ಕ ಹೋಗಲಿಲ್ಲ. ಅವತ್ತಿನಿಂದ ಅಕ್ಕ ತಂಗಿಯ ಮಾತು ನಿಂತುಹೋಯಿತು. ಕಾರಣ ಹೇಳಲು ಯಾವ ಪಂಡಿತರೂ ಬೇಕಿರಲಿಲ್ಲ. ಅಪ್ಪನ ಬುದ್ಧಿ ಮಗಳಿಗೆ ಬಂದಿದೆ, ಮೇರಿಯಮ್ಮನ ಪ್ರತಿಮೆ ಇರುವ ಕಡೆ ಇವರು ಕಾಲಿಡುವುದಿಲ್ಲ, ಅಷ್ಟೆ. ನಾನು ಹಾಗಂತ ತೀರ್ಮಾನ ಮಾಡಿ, ಇವರಿಬ್ಬರನ್ನು ಸೇರಿಸುವುದು ನನ್ನ ಜವಾಬ್ದಾರಿ ಎಂದುಕೊಂಡೆ. ಯಾರೂ ಕೊಟ್ಟ ಜವಾಬ್ದಾರಿ ಅಲ್ಲ. ನಾನು ಯಾರಾದರೂ ಕೊಡಲಿ ಎಂದು ಕಾಯುವವಳಲ್ಲ.

ನನ್ನ ತವರು ಮೂಗೂರಿನ ಪಕ್ಕ. ತಿಂಗಳಿಗೊಮ್ಮೆ ಅಣ್ಣನ ಮನೆಗೆ ಹೋಗುವಾಗ ನರಸೀಪುರದಲ್ಲಿ ಬಸ್ಸು ಬದಲಿಸಬೇಕು. ಆ ನಡುವೆ ತಂಗಿಯ ಮನೆಗೆ ಹೋಗಿ ಕಾಫಿ ಕುಡಿದು ಬರುವುದು ನನ್ನ ರೂಢಿ. ನಾನು ಹೊರಡುವ ಹಿಂದಿನ ದಿನ ನರ್ಸಕ್ಕ ಕಾಂಪೌಂಡಿನ ಹತ್ತಿರ ಬಂದು, ಆ ಕಡೆ ಮಳೆ ಹೆಂಗದೆ ನೋಡ್ಕೊಂಡು ಬನ್ನಿ ಟೀಚರೇ ಎನ್ನುತ್ತಿದ್ದರು. ನರಸೀಪುರದ ಮಳೆ ಕಟ್ಟಿಕೊಂಡು ಅವರಿಗೇನಾಗಬೇಕು, ಅವರಿಗೆ ಒಂದು ಗುಂಟೆ ಜಮೀನೂ ಇಲ್ಲ. ಅಲ್ಲಿ ತಂಗಿ ಕಾಫಿ ಲೋಟ ಕೈಗೆ ಕೊಟ್ಟು, ನಂಜನಗೂಡಲ್ಲಿ ಕರೆಂಟು ಸರಿಯಾಗಿ ಕೊಡ್ತಾವ್ರಾ ಎಂದು ಕೇಳುತ್ತಿದ್ದಳು. ನಾನು ಇವರಿಗೆ, ಮಳೆ ಪರವಾಗಿಲ್ಲ, ಮಂಡಿ ನೋವು ಸ್ವಲ್ಪ ಜಾಸ್ತಿ ಎಂದೂ, ಅವಳಿಗೆ, ಕರೆಂಟು ಇದೆ, ಕಣ್ಣಿಗೆ ಹೊಸ ಕನ್ನಡಕ ಬಂದಿದೆ ಎಂದೂ ವರದಿ ಒಪ್ಪಿಸುತ್ತಿದ್ದೆ. ಡಿಸೆಂಬರಿನಲ್ಲಿ ಎರಡೂ ಮನೆಯವರು ಕ್ರಿಸ್‌ಮಸ್ಸಿನ ಸಿಹಿತಿಂಡಿ ಕಲ್‌ಕಲ ಕರಿದು ನನಗೆ ಒಂದೊಂದು ಡಬ್ಬಿ ಕೊಡುತ್ತಿದ್ದರು. ಡಬ್ಬಿಗಳು ಯಾವಾಗಲೂ ನಮ್ಮ ಮನೆಯ ಅಗತ್ಯಕ್ಕಿಂತ ದೊಡ್ಡವಾಗಿರುತ್ತಿದ್ದವು. ನಾನು ಇಲ್ಲಿಯದನ್ನು ಅಲ್ಲಿಗೂ ಅಲ್ಲಿಯದನ್ನು ಇಲ್ಲಿಗೂ ದಾಟಿಸುತ್ತಿದ್ದೆ.

ಇಷ್ಟು ಮಾಡಿ ಸುಮ್ಮನಿದ್ದಿದ್ದರೆ ಮರ್ಯಾದೆಯಾಗಿರುತ್ತಿತ್ತು. ಆದರೆ ನಾನು ಎರಡೂ ಮನೆಯಲ್ಲಿ ಪಾಠ ಮಾಡುತ್ತಿದ್ದೆ. ಮೇರಿಯಮ್ಮನಿಗೆ ಕೈ ಮುಗಿದರೂ ಮುಗಿಯದಿದ್ದರೂ ಯೇಸು ಒಬ್ಬನೇ ಅಲ್ಲವೇ, ಈ ವಯಸ್ಸಿನಲ್ಲಿ ಅದಕ್ಕೆಲ್ಲ ಮುನಿಸಿಕೊಳ್ಳುತ್ತಾರೆಯೇ, ನಮ್ಮಲ್ಲಿ ಇಷ್ಟು ಮಠ ಇಲ್ಲವೇ, ನಾವು ಹೊಂದಿಕೊಂಡು ಹೋಗುತ್ತಿಲ್ಲವೇ. ಕೊನೆಯ ಮಾತು ಪೂರ್ತಿ ನಿಜವಲ್ಲ, ಆದರೆ ಬೇರೆ ಧರ್ಮದವರ ಮುಂದೆ ಅದನ್ನೆಲ್ಲ ಬಿಚ್ಚಿ ಹೇಳಲಾಗುತ್ತದೆಯೇ. ನರ್ಸಕ್ಕ ಎಲ್ಲ ಕೇಳಿ, ನನಗೇನೋ ಜ್ವರ ಬಂದಿದೆ ಎನ್ನುವ ಹಾಗೆ ನೋಡುತ್ತಿದ್ದರು. ತಂಗಿಯಂತೂ, ಅದೆಲ್ಲ ಗೊತ್ತು ಬಿಡಿ ಟೀಚರೇ, ಇನ್ನೊಂದು ಚಕ್ಕುಲಿ ತಗೊಳಿ ಎನ್ನುತ್ತಿದ್ದಳು.

ಸಂವಾದದ ಸಮಿತಿಯಲ್ಲಿ ನನ್ನನ್ನು ಬಿಟ್ಟು ನಾಲ್ವರು. ಕ್ಯಾಥೊಲಿಕ್ಕರ ಫಾದರ್ ಕರಾವಳಿಯಿಂದ ಹೊಸದಾಗಿ ಬಂದವರು, ಚಿಕ್ಕ ವಯಸ್ಸು, ನಮ್ಮ ಭಾಷೆ ಕೇಳಿದರೆ ನಗು ತಡೆದುಕೊಳ್ಳುತ್ತಿದ್ದರು. ಪ್ರಾಟೆಸ್ಟೆಂಟರ ಪಾಸ್ಟರನ್ನು ಅವರ ಸಭೆಯವರು ಅಯ್ಯನವರು ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ. ಮೂರನೆಯವರು ಹತ್ತಿರದ ಒಂದು ಸಣ್ಣ ಮಠದ ಸ್ವಾಮಿಗಳು. ಅವರನ್ನು ನಮ್ಮ ಕಡೆ ಬುದ್ಧಿ ಎಂದು ಕರೆಯುವುದು ವಾಡಿಕೆ. ನಾಲ್ಕನೆಯವರು ತಾಂಡವಪುರದ ರಿಟೈರ್ಡ್ ಬಸ್ ಕಂಡಕ್ಟರು, ಬೌದ್ಧರು. ವಿಷಯ ಭರವಸೆ ಎಂದು ಐದು ನಿಮಿಷದಲ್ಲಿ ತೀರ್ಮಾನವಾಯಿತು. ಉಳಿದ ಎರಡು ಗಂಟೆ ಕುರ್ಚಿಯ ಮೇಲೆ ಹೋಯಿತು.

ಸ್ವಾಮಿಗಳು ವೇದಿಕೆಗೆ ಬಂದರೆ ಕಾವಿ ಬಟ್ಟೆ ಹಾಸಿದ ಎತ್ತರದ ಕುರ್ಚಿ ಇರಬೇಕು ಎಂದು ಮಠದ ಭಕ್ತರು ಮೊದಲೇ ನನ್ನ ಕಿವಿಗೆ ಹಾಕಿದ್ದರು. ಅವರಿಗೆ ಎತ್ತರದ್ದು ಹಾಕಿದರೆ ನಮ್ಮ ಫಾದರಿಗೆ ಏನು ಕಡಿಮೆ ಎಂದು ಕ್ಯಾಥೊಲಿಕ್ಕರು. ಫಾದರಿಗೆ ಹಾಕಿದರೆ ಅಯ್ಯನವರು ಸ್ಟೂಲ್ ಮೇಲೆ ಕೂರಬೇಕೇ ಎಂದು ಪ್ರಾಟೆಸ್ಟೆಂಟರು. ಕಂಡಕ್ಟರು ತಾವು ಜೀವಮಾನವೆಲ್ಲ ನಿಂತುಕೊಂಡೇ ಡ್ಯೂಟಿ ಮಾಡಿದವರು, ತಮಗೆ ಕುರ್ಚಿಯೇ ಬೇಡ ಎಂದು ಹೇಳಿ ಇನ್ನೂ ತೊಡಕು ಮಾಡಿದರು. ಅವರು ನಿಂತರೆ ಬೌದ್ಧರನ್ನು ನಿಲ್ಲಿಸಿದರು ಎಂಬ ಮಾತು ಬರುತ್ತದೆ. ಕೊನೆಗೆ ಬುದ್ಧಿಯವರೇ, ಎಲ್ಲರಿಗೂ ಸ್ಕೂಲಿನ ಪ್ಲಾಸ್ಟಿಕ್ ಕುರ್ಚಿ ಹಾಕಿ, ನನ್ನ ಬಟ್ಟೆ ನಾನು ತಂದು ಹಾಸಿಕೊಳ್ಳುತ್ತೇನೆ ಎಂದು ಮುಗಿಸಿದರು.

ಊಟದ ವಿಷಯದಲ್ಲಿ ಪ್ರಾಟೆಸ್ಟೆಂಟರಿಗೂ ಕ್ಯಾಥೊಲಿಕ್ಕರಿಗೂ ಎಂದೂ ಕಾಣದ ಒಗ್ಗಟ್ಟು ಬಂತು. ಬಿರಿಯಾನಿ ಇಲ್ಲದೆ ಎಂಥಾ ಹಬ್ಬ ಎಂದು ಇಬ್ಬರೂ ಒಟ್ಟಿಗೆ ಮುಖ ಸಪ್ಪಗೆ ಮಾಡಿಕೊಂಡರು. ಬುದ್ಧಿಯವರು ಕೂತಿದ್ದರಿಂದ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಾತು, ಕೋಸಂಬರಿ, ಪಾಯಸ ಎಂದು ನಾನು ಬರೆದುಕೊಂಡೆ. ಕಂಡಕ್ಟರು ಮಾತ್ರ, ಒಂದಿನ ಯಾರೂ ತಿನ್ನದೆ ಇದ್ರೆ ಅದೂ ಒಂದು ಸಮಾನತೆನೇ ಬುಡಿ ಎಂದು ಸಮಾಧಾನ ಹೇಳಿದರು.

ಆಮೇಲೆ ಜನರನ್ನು ಕರೆಯುವ ಮಾತು ಬಂತು. ಫಾದರ್ ಫೋನ್ ತೆಗೆದು, ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಒಂದು ನಿಮಿಷದ ಕೆಲಸ ಎಂದರು. ಬುದ್ಧಿಯವರು ನಕ್ಕರು.

"ಅದರಲ್ಲಿ ಸುದ್ದಿ ತಿಳೀತದೆ ಫಾದರ್, ಕರೆದಂಗಾಗಲ್ಲ. ನಮ್ಮ ಕಡೆ ಹೊಸ್ತಿಲ ತನಕ ಹೋಗಿ, ಮುಖ ನೋಡಿ, ಬನ್ನಿ ಅನ್ನಬೇಕು. ಇಲ್ಲದಿದ್ದರೆ ಬರೋರೂ ಬರಲ್ಲ."

ಅಯ್ಯನವರು ಜೋರಾಗಿ ತಲೆಯಾಡಿಸಿದರು. ಕಂಡಕ್ಟರೂ ಹೌದು ಹೌದು ಎಂದರು. ನಮ್ಮ ಸೀಮೆಯಲ್ಲಿ ಜಾತಿ ಬೇರೆ, ಧರ್ಮ ಬೇರೆ, ಆದರೆ ಈ ಒಂದು ವಿಷಯದಲ್ಲಿ ಎಲ್ಲರೂ ಒಂದೇ. ಮದುವೆಯ ಕಾರ್ಡು ಬಂದಿತ್ತು, ಕರೆಯೋಕೆ ಬರಲಿಲ್ಲ ಎಂದು ಹೇಳಿ ಸ್ವಂತ ಅಣ್ಣನ ಮಗನ ಮದುವೆಗೆ ಹೋಗದವರು ನಮ್ಮ ನೆಂಟರಲ್ಲೇ ಇದ್ದಾರೆ. ಫಾದರ್ ಪಾಪ ಇದನ್ನು ಡೈರಿಯಲ್ಲಿ ಬರೆದುಕೊಂಡರು. ಇಷ್ಟೆಲ್ಲ ಗೊತ್ತಿದ್ದ ನನಗೆ ಆ ಹೊತ್ತಿನಲ್ಲೂ ಏನೂ ಹೊಳೆಯಲಿಲ್ಲ.

ನನಗೆ ಹೊಳೆದದ್ದು ಬೇರೆಯೇ. ಕ್ಯಾಥೊಲಿಕ್ ಹೆಂಗಸರನ್ನು ಕರೆಯಲು ಪ್ರಾಟೆಸ್ಟೆಂಟ್ ಹೆಂಗಸರು ಹೋಗಬೇಕು, ಅವರನ್ನು ಕರೆಯಲು ಇವರು ಬರಬೇಕು, ನರಸೀಪುರದವರನ್ನೂ ಸೇರಿಸಿಕೊಳ್ಳಬೇಕು ಎಂದು ಅಲ್ಲೇ ಒಂದು ನಿಯಮ ಮಾಡಿಬಿಟ್ಟೆ. ಎಲ್ಲರೂ ಭೇಷ್ ಎಂದರು. ನರ್ಸಕ್ಕ ಪ್ರಾಟೆಸ್ಟೆಂಟ್ ಮಹಿಳಾ ಸಂಘದ ಹಿರಿಯರು. ಈ ನೆವದಲ್ಲಿ ಅವರನ್ನು ತಂಗಿಯ ಬಾಗಿಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರೆ ಆಯಿತು, ಅಲ್ಲಿಗೆ ಸಂವಾದ ಮುಗಿದ ಹಾಗೇ.

ಅವತ್ತು ಸಂಜೆಯೇ ಕಾಂಪೌಂಡಿನ ಹತ್ತಿರ ಹೋಗಿ ವಿಷಯ ಹೇಳಿದೆ. ನರ್ಸಕ್ಕ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದರು. ಬೇರೆ ಎಲ್ಲಿಗೆ ಬೇಕಾದರೂ ಬರುತ್ತೇನೆ, ಅಲ್ಲಿಗೆ ಮಾತ್ರ ಬರುವುದಿಲ್ಲ ಎಂದರು. ನಾನು ಮೇರಿಯಮ್ಮನ ಪಾಠ ಶುರು ಮಾಡಿದೆ. ಅವರು ಚೊಂಬು ಕೆಳಗಿಟ್ಟರು.

"ಟೀಚರೇ, ಒಂಬತ್ತು ವರ್ಷದಿಂದ ನೋಡ್ತಾ ಇವ್ನಿ, ಮೇರಿಯಮ್ಮ ಮೇರಿಯಮ್ಮ ಅಂತೀರಿ. ಮೇರಿಯಮ್ಮ ನನಗೇನು ಮಾಡವ್ಳೆ? ನನ್ನ ತಂಗಿ ನನ್ನನ್ನ ಮದುವೆಗೆ ಕರೀಲಿಲ್ಲ. ಕರೀದೆ ಇರೋರ ಮನೆಗೆ ನಾನು ಕರೆಯಕ್ಕೆ ಹೋಗಲ್ಲ."

ಕಾರ್ಡು ಬಂದಿತ್ತಲ್ಲ ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಕಾರ್ಡು ಬಂತು. ಸೀರೆ ಬಂತು. ಅವಳು ಬರಲಿಲ್ಲ. ಪಕ್ಕದ ಮನೆಯೋರ ಕೈಲಿ ಕಳಿಸಿದ್ಲು. ಅವಳಿಗೆ ಜಡೆ ಹಾಕ್ದೋಳು ಕಣ್ರೀ ನಾನು. ನಾನೇನು ದಾರಿಹೋಕಳಾ?"

ಆ ಪಕ್ಕದ ಮನೆಯವಳು ನಾನು. ಕಾಲ ಕೆಳಗಿನ ನೆಲ ಜಾರಿತು ಎಂದು ಬೇರೆಯವರು ಹೇಳುವಾಗ, ಅತಿ ಮಾಡುತ್ತಾರೆ ಎಂದುಕೊಳ್ಳುತ್ತಿದ್ದೆ. ಅವತ್ತು ಕಾಂಪೌಂಡು ಹಿಡಿದುಕೊಂಡೆ.

ನಡೆದದ್ದು ಇಷ್ಟು. ನರ್ಸಕ್ಕ ಎಲ್ಲಿಗೆ ಹೋದರೂ ಮನೆಯ ಬೀಗದಕೈ ನನ್ನ ಕೈಲಿ ಕೊಟ್ಟು ಹೋಗುತ್ತಾರೆ. ಮೂವತ್ತು ವರ್ಷದ ಅಭ್ಯಾಸ. ಒಂಬತ್ತು ವರ್ಷದ ಹಿಂದೆ ಒಂದು ದಿನ ಹೀಗೇ ಕೊಟ್ಟು, ಕಣ್ಣು ತೋರಿಸಿಕೊಳ್ಳಲು ಮೈಸೂರಿಗೆ ಹೋಗಿದ್ದರು. ಆಗ ತಂಗಿ ನರಸೀಪುರದಿಂದ ಬಂದಳು, ಹೇಳದೆ ಕೇಳದೆ. ಅಕ್ಕನನ್ನು ಕರೆಯುವುದಕ್ಕೆ ಫೋನ್ ಮಾಡಿ ಹೊತ್ತು ಗೊತ್ತುಮಾಡಿಕೊಂಡು ಬರುತ್ತಾರೆಯೇ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಹೂವು, ಮಗಳ ಮದುವೆಯ ಕಾರ್ಡು, ಅಕ್ಕನಿಗೆ ನೇರಳೆ ಬಣ್ಣದ ರೇಷ್ಮೆ ಸೀರೆ. ಕುಂಕುಮ ಒಂದು ಬಿಟ್ಟರೆ ನಮ್ಮ ಮನೆಯ ತಟ್ಟೆಗೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ. ನಮ್ಮ ಹಜಾರದಲ್ಲಿ ಎರಡೂವರೆ ಗಂಟೆ ಕಾದಳು. ಆಮೇಲೆ ಬಸ್ಸಿನ ಹೊತ್ತಾಯಿತು ಎಂದು ಎದ್ದಳು. ತಟ್ಟೆ ಇಲ್ಲೇ ಇರಲಿ ಟೀಚರೇ, ಭಾನುವಾರ ಮತ್ತೆ ಬಂದು ನಾನೇ ಕೊಡ್ತೀನಿ ಎಂದು ಹೇಳಿ ಹೋದಳು.

ನನಗೆ ಕನಿಕರ ಬಂತು. ನನಗೆ ಕನಿಕರ ಬಂದರೆ ಯಾರಿಗಾದರೂ ಒಂದು ಗ್ರಹಚಾರ ಕಾದಿದೆ ಎಂದು ನಮ್ಮ ಯಜಮಾನರು ಹೇಳುವುದುಂಟು. ಮದುವೆ ಮನೆಯವಳು, ನೂರೆಂಟು ಕೆಲಸ, ಆ ಬಸ್ಸಿನಲ್ಲಿ ಎರಡೆರಡು ಸಲ ಯಾಕೆ ಒದ್ದಾಡಬೇಕು. ನರ್ಸಕ್ಕ ಸಂಜೆ ಬಂದ ಕೂಡಲೇ ತಟ್ಟೆ ತೆಗೆದುಕೊಂಡು ಹೋಗಿ ಅವರ ಕೈಗೆ ಕೊಟ್ಟುಬಿಟ್ಟೆ. ಇನ್ನೊಬ್ಬರ ತಟ್ಟೆಗೆ ನೀನ್ಯಾಕೆ ಕೈ ಹಾಕ್ತೀಯ ಎಂದು ಯಜಮಾನರು ಬಾಗಿಲಲ್ಲೇ ಹೇಳಿದರು. ನೀವು ನಿಮ್ಮ ಪೇಪರ್ ಓದಿ ಎಂದು ಅವರ ಬಾಯಿ ಮುಚ್ಚಿಸಿದೆ. ತಂಗಿ ಕೊಟ್ಟು ಹೋದಳು ಎಂದು ನರ್ಸಕ್ಕನಿಗೆ ಹೇಳಿದೆ. ಕಾದಳು ಎಂದು ಹೇಳಲಿಲ್ಲ, ಮತ್ತೆ ಬರುತ್ತಾಳೆ ಎಂದೂ ಹೇಳಲಿಲ್ಲ, ಎರಡೂ ಮರೆತುಹೋಯಿತು. ಕುಕ್ಕರ್ ಇಟ್ಟು ಬಂದಿದ್ದೆ. ಅವರು ಏನೂ ಮಾತಾಡದೆ ತಟ್ಟೆ ಈಸಿಕೊಂಡರು. ಸಂತೋಷದಲ್ಲಿ ಮಾತೇ ಹೊರಡಲಿಲ್ಲ ಎಂದು ನಾನು ಅರ್ಥ ಮಾಡಿಕೊಂಡು, ಮನೆಗೆ ಬಂದ ಮೇಲೆ ತಂಗಿಗೆ ಫೋನ್ ಮಾಡಿದೆ. ಅಕ್ಕನಿಗೆ ಬಹಳ ಖುಷಿಯಾಯಿತು, ನೀನಿನ್ನು ಬರುವುದೇ ಬೇಡ ಎಂದೆ. ಒಂದೇ ಸಂಜೆಯಲ್ಲಿ ಇಷ್ಟು ಕೆಲಸ ಮುಗಿಸಿದೆ.

ನರ್ಸಕ್ಕನ ಮಾತು ಕೇಳಿ ಬಂದ ಆ ದಿನ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಪೇಪರ್ ಮಡಿಸಿಟ್ಟರು. ಅವರು ಪೇಪರ್ ಮಡಿಸುವುದು ಕಡಿಮೆ. ನಾನು ಅವತ್ತೇ ಹೇಳಿದ್ದೆ ಎನ್ನುತ್ತಾರೆ ಎಂದು ಕಾದೆ, ಅನ್ನಲಿಲ್ಲ. ಹೋಗಿ ಹೇಳಿಬಿಡು ಎಂದರು. ಅವತ್ತೇ ಹೇಳಿದ್ದೆ ಅಂದಿದ್ದರೆ ಜಗಳವಾಡಿಯಾದರೂ ಹಗುರಾಗಬಹುದಿತ್ತು.

ಹೇಳಿಬಿಡುವುದು ಅಷ್ಟು ಸುಲಭವೇ. ಮಾರನೆಯ ದಿನ ಕಾಂಪೌಂಡಿನ ತನಕ ಹೋಗಿ ಕರಿಬೇವು ಕೇಳಿ ತಂದೆ. ಅದರ ಮಾರನೆಯ ದಿನವೂ ಕರಿಬೇವು. ವಾರದಲ್ಲಿ ನಮ್ಮ ಮನೆಯಲ್ಲಿ ಕರಿಬೇವಿನ ಪುಡಿ ಮಾಡುವಷ್ಟು ಎಲೆ ಸೇರಿತು. ನಿಜ ಹೇಳುತ್ತೇನೆ, ನನಗೆ ಭಯವಾಗಿತ್ತು. ನರ್ಸಕ್ಕ ಇನ್ನು ಮೇಲೆ ಬೀಗದಕೈ ಎದುರು ಮನೆಯವರಿಗೆ ಕೊಡುತ್ತಾರೆ. ಮೂವತ್ತು ವರ್ಷ ನನ್ನ ಅಡುಗೆಮನೆ ಗೋಡೆಯ ಮೊಳೆಯಲ್ಲಿ ನೇತಾಡಿದ ಬೀಗದಕೈ ಅದು. ಆ ಮೊಳೆ ಖಾಲಿ ಇರುವುದನ್ನು ನೆನೆಸಿಕೊಂಡರೆ ಅನ್ನ ಸೇರುತ್ತಿರಲಿಲ್ಲ.

ನರಸೀಪುರಕ್ಕೆ ಕೊನೆಗೆ ನಾನೊಬ್ಬಳೇ ಹೋಗಿ ತಂಗಿಯನ್ನು ಸಂವಾದಕ್ಕೆ ಕರೆದೆ. ಅವಳ ಹಜಾರದಲ್ಲಿ ಮಗಳ ಮದುವೆಯ ದೊಡ್ಡ ಫೋಟೋ ಇದೆ. ಮನೆಯವರೆಲ್ಲ ಸಾಲಾಗಿ ಕೂತಿದ್ದಾರೆ, ಮಧ್ಯದಲ್ಲಿ, ಮದುಮಗಳ ಪಕ್ಕದಲ್ಲೇ, ಒಂದು ಕುರ್ಚಿ ಖಾಲಿ. ಒಂಬತ್ತು ವರ್ಷದಿಂದ ಆ ಫೋಟೋದ ಕೆಳಗೇ ಕೂತು ಕಾಫಿ ಕುಡಿದಿದ್ದೇನೆ. ಅದು ಕ್ಯಾಥೊಲಿಕ್ಕರ ಸಂಪ್ರದಾಯ, ಯೇಸುವಿಗೆಂದು ಬಿಟ್ಟ ಕುರ್ಚಿ ಎಂದು ನನಗೆ ನಾನೇ ಅರ್ಥ ಹಚ್ಚಿಕೊಂಡಿದ್ದೆ. ಅಷ್ಟೇ ಆದರೆ ಪರವಾಗಿಲ್ಲ, ಎರಡು ಸಭೆಯಲ್ಲಿ ಉದಾಹರಣೆ ಕೊಟ್ಟು ಭಾಷಣ ಮಾಡಿ ಚಪ್ಪಾಳೆಯನ್ನೂ ತೆಗೆದುಕೊಂಡಿದ್ದೆ. ಅವತ್ತು ಮಾತ್ರ, ಆ ಕುರ್ಚಿ ಯಾರದು ಎಂದು ಕೇಳಿದೆ.

"ಅಕ್ಕಂದು," ಎಂದಳು. "ಫೋಟೋದವನು ಖಾಲಿ ಕುರ್ಚಿ ತೆಗೀರಿ, ಒತ್ತಿ ಕೂತ್ಕೊಳಿ ಅಂತ ಬೈತಾ ಇದ್ದ. ಬತ್ತಾಳೆ ಇರು ಅಂತ ನಿಲ್ಲಿಸ್ಕೊಂಡಿದ್ದೆ. ಖುಷಿಪಟ್ಲು ಅಂತ ನೀವೇ ಹೇಳಿದ್ರಲ್ಲ. ಆದ್ರೂ ನಮ್ಮ ಚರ್ಚಿಗೆ ಬರಬಾರದು ಅಂತ ಇದ್ದುಬಿಟ್ಲು."

ನಾನು ಕಾಫಿ ಪೂರ್ತಿ ಕುಡಿಯದೆ ಎದ್ದು ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ, ಇವರಿಬ್ಬರ ನಡುವೆ ಧರ್ಮವೂ ಇರಲಿಲ್ಲ, ಚರ್ಚೂ ಇರಲಿಲ್ಲ, ನಾನೊಬ್ಬಳೇ ಇದ್ದದ್ದು ಎಂಬುದೇ ತಲೆಯಲ್ಲಿ ಕೊರೆಯುತ್ತಿತ್ತು. ನನ್ನ ಮೇಲೆ ನನಗೇ ಬಂದ ಸಿಟ್ಟನ್ನು ಪಕ್ಕದ ಸೀಟಿನವರ ಬುಟ್ಟಿಯ ಮೇಲೆ ತೀರಿಸಿಕೊಂಡೆ, ಅದು ನನ್ನ ಕಾಲಿಗೆ ತಾಗುತ್ತಿದೆ ಎಂದು.

ಸಂವಾದದ ದಿನ ನಾನು ಪಾಠ ಮಾಡಿದ್ದ ಸ್ಕೂಲಿನ ಸಭಾಂಗಣ ತುಂಬಿತ್ತು. ಹೊಸ್ತಿಲಿಗೆ ಹೋಗಿ ಕರೆದದ್ದರ ಫಲ. ನರ್ಸಕ್ಕ ಎಡಗಡೆಯ ಕೊನೆಯ ಬೆಂಚಿನಲ್ಲಿ, ತಂಗಿ ಬಲಗಡೆಯ ಕೊನೆಯ ಬೆಂಚಿನಲ್ಲಿ. ನಾಲ್ವರಿಗೂ ಹತ್ತು ಹತ್ತು ನಿಮಿಷ. ಹೊತ್ತು ನೋಡಿಕೊಳ್ಳಲು ಕಂಡಕ್ಟರಿಗೇ ಅವರ ಹಳೇ ಸೀಟಿ ಕೊಟ್ಟು ಕೂರಿಸಿದ್ದೆವು. ಭರವಸೆಯ ಬಗ್ಗೆ ಎಲ್ಲರೂ ಎಷ್ಟು ಚೆನ್ನಾಗಿ ಮಾತಾಡಿದರು ಎಂದರೆ ನನಗೆ ಸಿಟ್ಟು ಬಂತು. ಫಾದರ್ ಬುದ್ಧಿಯವರನ್ನು ಹೊಗಳಿದರು, ಬುದ್ಧಿಯವರು ಅಯ್ಯನವರನ್ನು, ಅಯ್ಯನವರು ಬುದ್ಧನನ್ನು. ಯಾರಿಗೂ ಯಾರ ಮೇಲೂ ಒಂದು ದೂರೂ ಇಲ್ಲ. ದೂರೇ ಇಲ್ಲದ ಮೇಲೆ ಇಷ್ಟು ಜನ ಬಿಸಿಲಲ್ಲಿ ಯಾಕೆ ಬಂದಿದ್ದೇವೆ. ಅಯ್ಯನವರು ಹತ್ತು ನಿಮಿಷ ದಾಟಿಸಿದಾಗ ಕಂಡಕ್ಟರು ಸೀಟಿ ಊದಿದರು. ಅಭ್ಯಾಸಬಲದಿಂದ ಹಿಂದಿನ ಬೆಂಚಿನ ನಾಲ್ಕು ಜನ ಇಳಿಯಲು ಎದ್ದು ನಿಂತರು.

ಕೊನೆಗೆ ವಂದನಾರ್ಪಣೆ ನನ್ನದು. ನಮ್ಮ ಕಡೆಯ ಕಾರ್ಯಕ್ರಮಗಳಲ್ಲಿ ವಂದನಾರ್ಪಣೆ ಎಂದು ಮೈಕಿನಲ್ಲಿ ಹೇಳುವುದೇ ಊಟಕ್ಕೆ ಗಂಟೆ ಹೊಡೆದ ಹಾಗೆ. ಸಭೆಗೆ ಸಭೆಯೇ ಎದ್ದಿತು. ಲಿಂಗಾಯತರು, ಬೌದ್ಧರು, ಎರಡೂ ಚರ್ಚಿನವರು, ಒಬ್ಬರ ಭುಜಕ್ಕೆ ಒಬ್ಬರು ಭುಜ ಕೊಟ್ಟು ಪಾಯಸದ ಕಡೆ ನಡೆದರು. ಆ ದಿನ ಸರ್ವಧರ್ಮ ಸಮನ್ವಯ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಆಗಲೇ. ವೇದಿಕೆಯ ನಾಲ್ವರನ್ನೂ ಕಾರ್ಯಕರ್ತರು ಊಟಕ್ಕೆ ಕರೆದುಕೊಂಡು ಹೋದರು. ಮೈಕಿನವನು ವೈರು ಸುತ್ತಲು ಶುರು ಮಾಡಿದ. ಕೂತವರು ಇಬ್ಬರೇ, ಎಡಗಡೆ ಕೊನೆಯಲ್ಲಿ ಒಬ್ಬರು, ಬಲಗಡೆ ಕೊನೆಯಲ್ಲಿ ಒಬ್ಬಳು. ವಂದನಾರ್ಪಣೆ ಮುಗಿಯುವ ತನಕ ಏಳುವುದು ಮರ್ಯಾದೆ ಅಲ್ಲ ಎಂದು ನರ್ಸಕ್ಕ ನಂಬಿದವರು. ತಂಗಿಯನ್ನೂ ಹಾಗೇ ಬೆಳೆಸಿದ್ದರು.

ನಾನು ಚೀಟಿ ನೋಡಿಕೊಂಡು ಅಡುಗೆಯವರಿಗೆ, ಶಾಮಿಯಾನದವರಿಗೆ ವಂದನೆ ಹೇಳಿದೆ. ಚೀಟಿ ಮುಗಿಯಿತು. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎಂದು ಗೊತ್ತಾಯಿತು. ಒಂಬತ್ತು ವರ್ಷದ ಹಿಂದೆ ಒಂದು ತಟ್ಟೆ ಬಂದಿತ್ತು ಎಂದು ಶುರು ಮಾಡಿದೆ. ಮೈಕು ಸತ್ತಿತ್ತು. ಜ್ಯಾಮಿತಿಯ ಪ್ರಮೇಯಗಳನ್ನು ಮೈದಾನದ ಆಚೆಗೆ ಕೇಳಿಸಿದ ನನ್ನ ಗಂಟಲು ಆ ದಿನ ಏಳಲೇ ಇಲ್ಲ.

"ಕೇಳಿಸ್ತಿಲ್ಲ ಟೀಚರೇ," ಎಂದರು ನರ್ಸಕ್ಕ, ಎದ್ದು ನಾಲ್ಕು ಬೆಂಚು ಮುಂದೆ ಬಂದು ಕೂತರು. ಆ ಕಡೆಯಿಂದ ತಂಗಿಯೂ ನಾಲ್ಕು ಬೆಂಚು ಮುಂದೆ ಬಂದಳು. ನಾನು ಮತ್ತೆ ಹೇಳಿದೆ. ಅವರು ಮತ್ತೆ ಮುಂದೆ ಬಂದರು. ತಟ್ಟೆಯನ್ನು ಭಾನುವಾರದ ತನಕ ಇಟ್ಟುಕೊಳ್ಳಿ ಎಂದಿದ್ದಳು, ನಾನು ಇಟ್ಟುಕೊಳ್ಳಲಿಲ್ಲ ಎಂದು ಹೇಳುವ ಹೊತ್ತಿಗೆ ಇಬ್ಬರೂ ಮುಂದಿನ ಬೆಂಚಿನಲ್ಲಿದ್ದರು, ನಡುವೆ ಒಬ್ಬರು ಕೂರುವಷ್ಟು ಜಾಗ. ಫೋನ್ ಮಾಡಿದ್ದು, ಖುಷಿಯಾಯಿತು ಎಂದು ಇಲ್ಲದ್ದನ್ನು ಹೇಳಿದ್ದು, ಬರಬೇಡ ಎಂದಿದ್ದು, ಎಲ್ಲ ಹೇಳಿದೆ. ತಪ್ಪು ನಿಮ್ಮಿಬ್ಬರದೂ ಅಲ್ಲ, ನಿಮ್ಮ ದೇವರದೂ ಅಲ್ಲ, ನನ್ನದು ಎಂದೆ. ಅಳುವುದಿಲ್ಲ ಎಂದುಕೊಂಡಿದ್ದೆ, ಅತ್ತೆ.

ತಂಗಿ ಎದ್ದಳು. ನನ್ನ ಮುಖವನ್ನೂ ನೋಡದೆ, ಅಕ್ಕನ ಮುಖವನ್ನೂ ನೋಡದೆ, ಹೊರಗೆ ನಡೆದುಬಿಟ್ಟಳು. ನರ್ಸಕ್ಕ ಕೂತೇ ಇದ್ದರು.

"ಎಷ್ಟೊತ್ತು ಕಾದಿದ್ಲು ಅಂದ್ರಿ?"

ಎರಡೂವರೆ ಗಂಟೆ ಎಂದೆ.

"ಊಟ ಹಾಕಿದ್ರಾ?"

ಬೇಡ ಅಂದಳು, ಅಕ್ಕ ಬಂದ ಮೇಲೆ ಒಟ್ಟಿಗೆ ಮಾಡ್ತೀನಿ ಅಂದಳು ಎಂದು ಹೇಳಿದೆ. ನರ್ಸಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಆಮೇಲೆ ಊಟಕ್ಕೂ ಹೋಗದೆ ಮನೆಯ ಕಡೆ ಹೊರಟರು.

ಪಾಯಸ ಚೆನ್ನಾಗಿತ್ತಂತೆ. ನಾನು ತಿನ್ನಲಿಲ್ಲ. ಮನೆಗೆ ಬಂದು ಮೆಟ್ಟಿಲ ಮೇಲೆ ಕೂತೆ. ಪಕ್ಕದ ಮನೆಯ ಬಾಗಿಲು ತೆರೆದಿತ್ತು, ಒಳಗೆ ಸದ್ದಿಲ್ಲ. ಎರಡು ಧರ್ಮಗಳನ್ನು ಸೇರಿಸುತ್ತೇನೆಂದು ಹೊರಟು, ಇದ್ದೊಬ್ಬ ಸ್ನೇಹಿತೆಯನ್ನೂ ಕಳೆದುಕೊಂಡೆ ಎಂದು ಕೂತಿದ್ದೆ. ಯಜಮಾನರು ಒಂದು ಲೋಟ ಮಜ್ಜಿಗೆ ತಂದು ಪಕ್ಕದಲ್ಲಿಟ್ಟು ಒಳಗೆ ಹೋದರು.

ಅರ್ಧ ಗಂಟೆ ಕಳೆದಿರಬಹುದು. ಬೀದಿಯ ತುದಿಯಲ್ಲಿ ತಂಗಿ ಕಾಣಿಸಿದಳು. ಅಂಗಡಿ ಬೀದಿಗೆ ಹೋಗಿದ್ದಳು ಎಂದು ಕೈ ನೋಡಿದಾಗ ಗೊತ್ತಾಯಿತು. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು, ಎರಡು ಮೊಳ ಮಲ್ಲಿಗೆ. ತಟ್ಟೆ ಮಾತ್ರ ಸಂವಾದದ ಊಟದ ಸ್ಟೀಲ್ ತಟ್ಟೆ, ಅಡುಗೆಯವರದನ್ನು ಕೇಳದೆ ತಂದಿದ್ದಳು. ನನ್ನ ಮುಂದೆ ಹಾದುಹೋಗುವಾಗ ಆ ತಟ್ಟೆಯನ್ನು ಇನ್ನೊಂದು ಕೈಗೆ ದಾಟಿಸಿಕೊಂಡಳು, ನನಗೆ ಎಟುಕದ ಕಡೆಗೆ. ಅಕ್ಕನ ಮನೆಯ ಗೇಟು ತೆಗೆದು, ಹೊಸ್ತಿಲ ಈಚೆಗೆ ನಿಂತಳು.

"ಅಕ್ಕ, ಮಗಳ ಮದುವೆ ಕಣಕ್ಕ. ಬರಬೇಕು."

ನರ್ಸಕ್ಕ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಏನೋ ಬೈಯುತ್ತಾರೆ ಎಂದುಕೊಂಡೆ.

"ಯಾವತ್ತು?" ಎಂದರು.

"ಆಗೋಗಿ ಒಂಬತ್ತು ವರ್ಸ ಆಯ್ತು. ಕುರ್ಚಿ ಇನ್ನೂ ಖಾಲಿ ಅದೆ. ಬಾ."

ನರ್ಸಕ್ಕ ಎರಡೂ ಕೈ ಚಾಚಿ ತಟ್ಟೆ ತೆಗೆದುಕೊಂಡರು. ಊಟ ಮಾಡಿದ್ಯಾ ಎಂದು ಕೇಳಿದರು. ಇಲ್ಲ ಎಂದಳು. ನಾನೂ ಇಲ್ಲ, ಒಳಗೆ ಬಾ ಎಂದರು. ಆಮೇಲೆ ಒಳಗಿನಿಂದ ಒಗ್ಗರಣೆಯ ಸದ್ದೂ, ಇಬ್ಬರೂ ಒಟ್ಟಿಗೆ ಮಾತಾಡುವ ಸದ್ದೂ, ಮಧ್ಯೆ ಒಂದೆರಡು ಸಲ 'ಟೀಚರು' ಎಂಬ ಮಾತೂ ಕೇಳಿಸಿದವು. ಅದು ಹೊಗಳಿಕೆಯಂತೆ ಇರಲಿಲ್ಲ.

ಸಂಜೆಯ ಬಸ್ಸಿಗೆ ಇಬ್ಬರೂ ಹೊರಟರು. ನರ್ಸಕ್ಕ ಆ ನೇರಳೆ ಸೀರೆ ಉಟ್ಟಿದ್ದರು. ಒಂಬತ್ತು ವರ್ಷ ಮಡಿಕೆ ಬಿಚ್ಚದೆ ಇದ್ದದ್ದರಿಂದ ಮೈಮೇಲೆ ಚೌಕ ಚೌಕ ಗೆರೆ. ರವಿಕೆ ಹೊಲಿಸಿರಲಿಲ್ಲ, ಯಾವುದೋ ಬಿಳಿ ರವಿಕೆ ಹಾಕಿದ್ದರು. ನಾನೂ ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಇಂಥ ಹೊತ್ತಿನಲ್ಲಿ ನಾನಿಲ್ಲದೆ ಹೇಗೆ. ನರ್ಸಕ್ಕ ಬಾಗಿಲಿಗೆ ಬೀಗ ಹಾಕಿ ನನ್ನ ಕಡೆ ಬಂದರು. ನಿಮ್ಮನ್ನ ಕರೆದ್ರಾ ಎಂದು ಕೇಳಿದರು. ಇಲ್ಲ ಎಂದು ಚಪ್ಪಲಿ ಬಿಟ್ಟೆ. ತಂಗಿ ಗೇಟಿನ ಹತ್ತಿರ ಸೆರಗು ಬಾಯಿಗೆ ಹಿಡಿದುಕೊಂಡು ನಗುತ್ತಿದ್ದಳು.

ನರ್ಸಕ್ಕ ಬೀಗದಕೈಯನ್ನು ಸೊಂಟದಿಂದ ತೆಗೆದು, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ನನ್ನ ಅಂಗೈಯಲ್ಲಿಟ್ಟರು.

"ಇಟ್ಕೊಳಿ ಟೀಚರೇ. ಯಾರಾದ್ರೂ ಬಂದು ನಂಗೆ ಅಂತ ಏನಾದ್ರೂ ಕೊಟ್ರೆ ಮಾತ್ರ ಈಸ್ಕೋಬೇಡಿ. ನಾನು ಬರೋಗಂಟ ಕಾಯ್ಲಿ."